ಗೋಡೆಗೆ ತಾಗದ ಕೋಳಿಗೂಡು

ಅವ್ವ ಮೂರು ಕರಾರು ಹಾಕಿದ್ದಳು. ಹುಂಜ ಬರಬಾರದು. ಮೊಟ್ಟೆ ಅಡಿಗೆಮನೆಯ ಹೊಸ್ತಿಲು ದಾಟಬಾರದು. ಕೋಳಿಗೂಡು ಮನೆಯ ಗೋಡೆಗೆ ತಾಗಬಾರದು. ಮೊದಲಿನ ಎರಡಕ್ಕೆ ನಾನು ಕೂಡಲೇ ತಲೆಯಾಡಿಸಿದೆ. ಮೂರನೆಯದಕ್ಕೂ ತಲೆಯಾಡಿಸಿದೆ, ಆದರೆ ಅದರಲ್ಲಿ ಎಂಥ ತಾಪತ್ರಯವಿದೆ ಎಂಬುದು ಆಗ ಹೊಳೆಯಲಿಲ್ಲ. ಹೊಳೆಯುವಷ್ಟರಲ್ಲಿ ಗೂಡು ಪಕ್ಕದ ಮನೆಯ ಪಪ್ಪಾಯಿ ಗಿಡದ ಮೇಲೆ ತಲೆಕೆಳಗಾಗಿ ಬಿದ್ದಿತ್ತು.

ನಮ್ಮದು ಮಿರಜದ ಅಂಚಿನಲ್ಲಿರುವ ಸಣ್ಣ ಮನೆ. ಮೊದಲು ಹೊಲವಾಗಿದ್ದ ಜಾಗದಲ್ಲಿ ಎದ್ದ ಪ್ಲಾಟು, ಹಿತ್ತಲಲ್ಲಿ ಇನ್ನೂ ಅದೇ ಎರೆಮಣ್ಣು. ಲಿಂಗಾಯತರ ಮನೆ. ಅಜ್ಜ ಸಾಂಗ್ಲಿ ಪೇಟೆಯಲ್ಲಿ ಅರಿಷಿಣದ ವ್ಯಾಪಾರ ಮಾಡಿದವನು. ಆ ವ್ಯಾಪಾರ ಅಜ್ಜನ ಜೊತೆಗೇ ಹೋಯಿತು. ನಾನು ಕುಪವಾಡದ ಒಂದು ವರ್ಕ್‌ಶಾಪಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಫಿಟ್ಟರ್. ಮನೆಯಲ್ಲಿ ಮೂರೇ ಜನ: ಅವ್ವ, ನಾನು, ನನ್ನ ಹೆಂಡತಿ. ಮೂವರೂ ಮೊಟ್ಟೆಯನ್ನು ದೂರದಿಂದ ನೋಡಿದವರೇ ಹೊರತು ಮುಟ್ಟಿದವರಲ್ಲ.

ಹೆಂಡತಿಗೆ ದೀಪಾವಳಿಯಿಂದ ಕೆಮ್ಮು ಇತ್ತು. ಅದನ್ನು ಅವಳು ಸೆರಗಿನಲ್ಲಿ ಮುಚ್ಚಿಟ್ಟಳು, ನಾವು ಹವಾ ಬದಲಾಗಿದೆ ಎಂದುಕೊಂಡೆವು. ಸಂಕ್ರಾಂತಿಯ ಹೊತ್ತಿಗೆ ಅರ್ಧ ಬಕೆಟ್ ನೀರನ್ನೂ ಎತ್ತಲಾರದೆ ಬಚ್ಚಲ ಬಾಗಿಲಲ್ಲಿ ಕುಳಿತುಬಿಡುತ್ತಿದ್ದಳು. ಮಿರಜದಲ್ಲಿ ದವಾಖಾನೆಗಳಿಗೇನು ಕೊರತೆ? ಎಲ್ಲೆಲ್ಲಿಯ ಊರಿನವರೋ ರೈಲು ಹತ್ತಿ ಇಲ್ಲಿಗೆ ಬರುತ್ತಾರೆ. ನಾವು ಮಾತ್ರ ಹತ್ತು ನಿಮಿಷದ ದಾರಿಗೆ ಎರಡೂವರೆ ತಿಂಗಳು ತೆಗೆದುಕೊಂಡೆವು. ಇದಕ್ಕಾಗಿ ನನ್ನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಡಾಕ್ಟರ್ ಬಾಯಿ ಅವರು ಎದೆಯ ಎಕ್ಸ್‌ರೇ ಫೋಟೋ ನೋಡಿ, ಕಫ ಪರೀಕ್ಷೆ ಮಾಡಿಸಿ, ಟಿಬಿ ಎಂದರು. ಹೆದರಬೇಡಿ, ಆರು ತಿಂಗಳು ಗುಳಿಗೆ ತಪ್ಪಿಸದಿದ್ದರೆ ಗುಣವಾಗುತ್ತದೆ ಎಂದರು. ಆಮೇಲೆ ಅವಳನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಮೂವತ್ತಾರು ಕಿಲೋ. ಬಾಯಿ ಅವರು ಮುಳ್ಳನ್ನು ಎರಡು ಸಲ ನೋಡಿ, ನಮ್ಮ ಮೂವರ ಕಡೆಗೂ ತಿರುಗಿ, ಬರೀ ಗುಳಿಗೆಯಿಂದ ಆಗುವುದಿಲ್ಲ, ಮೈಯಲ್ಲಿ ಬಲ ಬರಬೇಕು, ದಿನಕ್ಕೆ ಎರಡು ಮೊಟ್ಟೆ ತಿನ್ನಲೇಬೇಕು ಎಂದರು.

ಬೇರೆ ದಾರಿ ನೋಡಲಿಲ್ಲವೆಂದಲ್ಲ. ಹಾಲು ಕುಡಿದರೆ ಗುಳಿಗೆಯೂ ಹೊರಗೆ ಬರುತ್ತಿತ್ತು. ಶೇಂಗಾ, ಬೇಳೆ, ಎಲ್ಲಕ್ಕೂ ಅದೇ ಗತಿ. ಕೊನೆಗೆ ನಾನೇ ಕುಪವಾಡದಿಂದ ಎರಡು ಮೊಟ್ಟೆ ತಂದೆ, ಊಟದ ಡಬ್ಬಿಯಲ್ಲಿ ಕಳ್ಳನ ಹಾಗೆ ಅಡಗಿಸಿಕೊಂಡು. ಹಿತ್ತಲಲ್ಲಿ ಕುದಿಸಿ ಕೊಟ್ಟೆ. ಬಾಯಿಗೆ ಇಡುವ ಮೊದಲೇ ಅವಳಿಗೆ ಓಕರಿಕೆ ಬಂತು. "ಎಲ್ಲೀದೋ, ಯಾರ ಕೋಳೀದೋ ಏನೋ... ನನಗ ಆಗಂಗಿಲ್ರಿ," ಎಂದು ಗೋಡೆಗೆ ಒರಗಿ ಅತ್ತಳು.

ಅವ್ವ ಅದನ್ನು ಒಳಗಿನಿಂದ ಕೇಳಿಸಿಕೊಂಡಿದ್ದಳು. ನಾಲ್ಕನೆಯ ದಿನ ಅಕ್ಕಿ ಆರಿಸುತ್ತಾ, ಮೊರದಿಂದ ಕಣ್ಣೆತ್ತದೆ ಹೇಳಿದಳು: "ಯಾರ್ದೋ ಮನೀದು ಬ್ಯಾಡ. ನಮ್ಮ ಕೈಯಾಗ ಕಾಳು ತಿಂದ ಕೋಳೀದು ಆಗಲಿ. ಅದಾದ್ರ ಆಕಿಗೆ ಇಳೀತೈತಿ." ಆಮೇಲೆ ಆ ಮೂರು ಕರಾರು. ಹುಂಜ ಇಲ್ಲದಿದ್ದರೆ ಮೊಟ್ಟೆಯಲ್ಲಿ ಜೀವ ಇರುವುದಿಲ್ಲವೆಂದು ಡಾಕ್ಟರ್ ಬಾಯಿಯನ್ನೇ ಕೇಳಿ ಖಾತ್ರಿ ಮಾಡಿಕೊಂಡಿದ್ದಳಂತೆ, ನಾನು ಔಷಧದ ಅಂಗಡಿಯಲ್ಲಿ ನಿಂತಿದ್ದಾಗ. ಗೋಡೆಯ ಮಾತಿಗೂ ಕಾರಣವಿತ್ತು. ಹಿತ್ತಲ ಗೋಡೆಯ ಆಚೆ ಬದಿಗೇ ದೇವರ ಕೋಣೆ. ಎಪ್ಪತ್ತು ದಾಟಿದ ಹೆಂಗಸು, ಲಿಂಗಪೂಜೆ ಆಗದೆ ಬಾಯಿಗೆ ನೀರು ಹಾಕದವಳು, ಇಷ್ಟು ದೂರ ಇಳಿದು ಬಂದಿದ್ದಳು. ನಾನು ಇನ್ನೇನು ಚೌಕಾಸಿ ಮಾಡಲಿ?

ಗೂಡನ್ನು ನಾನೇ ಮಾಡಿದೆ, ಮತ್ತು ಹೇಳಿಕೊಳ್ಳಲು ನಾಚಿಕೆಯಿಲ್ಲ, ಚೆನ್ನಾಗಿಯೇ ಮಾಡಿದೆ. ತೆಳುವಾದ ಚೌಕ ಪೈಪು, ಮೂರು ಕಡೆ ಜಾಳಿಗೆ, ಮೇಲೆ ಇಳಿಜಾರಾಗಿ ತಗಡು. ಕೆಳಗೆ ಗುಡಿಸಲು ಅನುಕೂಲವಾಗಲೆಂದು ಒಂದೂವರೆ ಅಡಿಯ ಕಾಲು. ಇಬ್ಬರು ಹಿಡಿದರೆ ಎತ್ತಿ ಸರಿಸುವಷ್ಟು ಹಗುರ. ಅದನ್ನು ಗೋಡೆಯಿಂದ ಎರಡು ಮಾರು ದೂರ, ಬಟಾಬಯಲಿನಲ್ಲಿ ನಿಲ್ಲಿಸಿದೆ. ಅವ್ವ ತವರೂರಾದ ಆರಗಕ್ಕೆ ಹೋಗಿ, ಪರಿಚಯದವರ ಮನೆಯಿಂದ ನಾಲ್ಕು ಜವಾರಿ ಕೋಳಿ ಹೇಳಿ ಬಂದಳು. ನಾನು ಬುಟ್ಟಿಯಲ್ಲಿ ಬಸ್ಸಿನ ಮೇಲೆ ತಂದೆ.

ಹೆಂಡತಿಗೆ ಬೇರೆ ಕೆಲಸವಿರಲಿಲ್ಲ. ಬಿಸಿಲು ಏರುವ ತನಕ ಗೂಡಿನ ಮುಂದೆ ಮಣೆ ಹಾಕಿಕೊಂಡು ಕೂರುತ್ತಿದ್ದಳು. ಮೊದಲ ವಾರ ಕೋಳಿಗಳು ಅವಳನ್ನು ಕಂಡರೆ ಮೂಲೆ ಸೇರುತ್ತಿದ್ದವು. ಆಮೇಲೆ ಒಂದು ಚುಕ್ಕೆ ಕೋಳಿ ಧೈರ್ಯ ಮಾಡಿ ಅವಳ ಅಂಗೈಯಿಂದ ಜೋಳ ಹೆಕ್ಕಿತು. ಅದರ ಕೊಕ್ಕು ಕುಟುಕಿದಾಗ ಅವಳು ನಕ್ಕಳು. ನಾಲ್ಕು ತಿಂಗಳಲ್ಲಿ ನಾನು ಕೇಳಿದ ಮೊದಲ ನಗು ಅದು. ಮರುದಿನ ಅದೇ ಕೋಳಿ ಮೊಟ್ಟೆ ಇಟ್ಟಿತು. ಬೆಚ್ಚಗಿದ್ದ ಅದನ್ನು ಅವಳು ಕೆನ್ನೆಗೆ ಒತ್ತಿಕೊಂಡು ಸ್ವಲ್ಪ ಹೊತ್ತು ಕುಳಿತಳು. ನಾನು ಹಿತ್ತಲ ಒಲೆಯ ಮೇಲೆ, ಹಿಡಿಗೆ ಗುರುತಿಗಾಗಿ ಕೆಂಪು ದಾರ ಕಟ್ಟಿದ ಬೇರೆ ತವೆಯಲ್ಲಿ, ಅರಿಷಿಣ ಮೆಣಸು ಹಾಕಿ ಬೇಯಿಸಿದೆ. ಅಂಚು ಕರಕಲಾಯಿತು. ಅವಳು ಕಣ್ಣು ಮುಚ್ಚಿ ತಿಂದಳು.

ಒಳಗಿನಿಂದ ಅವ್ವನ ಧ್ವನಿ: "ಔಷಧ ಇಳೀತೇನು?"

"ಇಳೀತ್ರಿ ಅತ್ತೀ."

ತಿಂಗಳಿಗೆ ತೂಕ ಮೂವತ್ತೆಂಟೂವರೆ ಆಯಿತು. ವರ್ಕ್‌ಶಾಪಿನಲ್ಲಿ ಯಾರೂ ಕೇಳದಿದ್ದರೂ ಎಲ್ಲರಿಗೂ ಹೇಳಿದೆ.

ಏಪ್ರಿಲ್ ಮುಗಿಯುತ್ತಿದ್ದ ಒಂದು ರವಿವಾರ, ಸಂಜೆ ನಾಲ್ಕರ ಸುಮಾರಿಗೆ ಪಕ್ಕದ ಮನೆಯ ಕಾಕು ಕೂಗಿದ್ದು ಕೇಳಿ ಎದ್ದೆ. ನಾವು ಕಾಕು, ಚಿಕ್ಕಮ್ಮ ಎಂದು ಕರೆಯುವ ಅವರು ಮರಾಠಿಯವರು, ಅವ್ವನಿಗೂ ಅವರಿಗೂ ಮೂವತ್ತು ವರ್ಷದ ಸ್ನೇಹ, ಇಬ್ಬರೂ ತಂತಮ್ಮ ಭಾಷೆಯಲ್ಲೇ ಮಾತಾಡಿ ಜಗಳವನ್ನೂ ಆಡಿ ಮುಗಿಸುತ್ತಾರೆ. "ವಳೀವ ಆಲಾ ಗ! ಕಪಡೇ ಕಾಢಾ!" ಎಂದು ಗಾಳಿಮಳೆ ಬಂದದ್ದನ್ನು ಹೇಳಿ, ಒಣಗಿದ ಬಟ್ಟೆ ತೆಗೆಯಲು ಕೂಗುತ್ತಿದ್ದರು. ಆಕಾಶ ಹಳದಿಯಾಗಿತ್ತು. ಮೊದಲು ಧೂಳು ಬಂತು, ಹಿಂದೆಯೇ ಗಾಳಿ. ಮಳೆಗಾಲಕ್ಕೆ ಮುಂಚಿನ ಆ ಗಾಳಿ ನಮ್ಮ ಕಡೆ ಪ್ರತಿವರ್ಷ ಬರುತ್ತದೆ, ಪ್ರತಿವರ್ಷ ಯಾರದೋ ತಗಡು ಹಾರುತ್ತದೆ. ಆ ವರ್ಷ ನನ್ನದು. ನಾನು ಹಿತ್ತಲ ಬಾಗಿಲಿಗೆ ಬರುವುದರೊಳಗೆ ಗಾಳಿ ತಗಡಿನ ಕೆಳಗೆ ಹೊಕ್ಕು ಇಡೀ ಗೂಡನ್ನು ಎತ್ತಿತು. ಒಂದು ಸಲ ಉರುಳಿತು, ಮತ್ತೆ ಎದ್ದಿತು, ನಡುವಿನ ಗಿಡ್ಡ ಗೋಡೆಯನ್ನು ದಾಟಿ ಕಾಕು ಅವರ ಪಪ್ಪಾಯಿಯ ಮೇಲೆ ಕೂತಿತು.

ಮೂರು ಕೋಳಿ ಬದುಕಿದವು. ಚುಕ್ಕೆ ಕೋಳಿ ಪೈಪಿನ ಕೆಳಗೆ ಸಿಕ್ಕು ಸತ್ತಿತ್ತು.

ಹೆಂಡತಿ ಅದನ್ನು ನುಗ್ಗೆಗಿಡದ ಬುಡದಲ್ಲಿ ತಾನೇ ಹೂಳಿದಳು, ನಡುನಡುವೆ ಸುಧಾರಿಸಿಕೊಳ್ಳುತ್ತಾ. ನನಗೆ ಮುಟ್ಟಲು ಬಿಡಲಿಲ್ಲ. ಆ ರಾತ್ರಿಯಿಂದ ಮೊಟ್ಟೆ ಬಿಟ್ಟಳು. "ನನ್ನ ಸಲುವಾಗಿ ಒಂದು ಜೀವ ಹೋತು," ಎಂದಷ್ಟೇ ಹೇಳಿ ಗೋಡೆಯ ಕಡೆ ತಿರುಗಿದಳು. ಒಂದು ದಿನ ಹೋಯಿತು, ಎರಡು, ಮೂರು. ಗುಳಿಗೆ ಮತ್ತೆ ವಾಂತಿಯಾಗತೊಡಗಿತು. ಅವಳ ಬಳೆಗಳು ಮೊಣಕೈಯ ತನಕ ಸರಿಯುತ್ತಿದ್ದವು. ನಾನು ಹೊರಗೆ ಜೋರು ಮಾತಿನವನು, ಸಿಟ್ಟಿನವನು ಎಂದು ಹೆಸರಾದವನು. ಆ ಮೂರು ದಿನ ನನ್ನೊಳಗೆ ಇದ್ದದ್ದು ಸಿಟ್ಟಲ್ಲ. ಅವಳು ಸತ್ತುಹೋಗುತ್ತಾಳೆ ಎಂಬ ಹೆದರಿಕೆ, ಅದೊಂದೇ.

ನಾಲ್ಕನೆಯ ದಿನ ಅವಳ ಮುಂದೆ ಕುಳಿತು ಅಂಗಲಾಚಿದೆ. ಅವಳು, "ಇನ್ನೊಂದು ಸಾಯಬಾರದು. ನೀವು ಖಾತ್ರಿ ಕೊಡ್ತೀರೇನು?" ಎಂದಳು.

"ಕೊಟ್ಟೆ."

"ಹಂಗಾದ್ರ ತಿಂತೇನಿ."

ಖಾತ್ರಿ ಕೊಡುವುದು ಫಿಟ್ಟರನಿಗೆ ಕಷ್ಟವೇ? ವರ್ಕ್‌ಶಾಪಿನಿಂದ ಹದಿನಾರು ಎಂಎಂ ರಾಡು ನಾಲ್ಕು ತುಂಡು ತಂದೆ, ಒಂದೊಂದು ಎರಡಡಿ. ಗೂಡಿನ ನಾಲ್ಕು ಕಾಲಿಗೆ ಒಂದೊಂದರಂತೆ ನೆಟ್ಟಗೆ ನೆಲಕ್ಕೆ ಬಡಿದೆ. ಕ್ಲ್ಯಾಂಪು ಹಾಕಿದೆ, ನಟ್ಟು ಬಿಗಿದೆ, ಅದರ ಮೇಲೆ ಇನ್ನೊಂದು ನಟ್ಟು. ಆನೆ ಬಂದು ಎಳೆದರೂ ಅಲುಗಾಡುವುದಿಲ್ಲ ಎಂದು ಗೂಡನ್ನು ಹಿಡಿದು ಜಗ್ಗಿ ತೋರಿಸಿದೆ. ಅವ್ವ ಹಿತ್ತಲ ಹೊಸ್ತಿಲ ಮೇಲೆ ನಿಂತು ನೋಡುತ್ತಿದ್ದಳು. ಅದಕ್ಕಿಂತ ಈಚೆ ಅವಳು ಬರುತ್ತಿರಲಿಲ್ಲ.

"ಎರಿ ನೆಲ ಐತಿ ತಮ್ಮಾ. ಬ್ಯಾಸಿಗ್ಯಾಗ ಬಾಯಿ ಬಿಡತೈತಿ."

"ಅವ್ವಾ, ಇದು ಹದಿನಾರು ಎಂಎಂ ಐತಿ. ನಿನಗ ತಿಳಿಯಂಗಿಲ್ಲ, ಸುಮ್ಮಿರು."

ನನ್ನ ಇಪ್ಪತ್ತೆರಡು ವರ್ಷದ ಅನುಭವವೆಲ್ಲ ಕಬ್ಬಿಣಕ್ಕೆ ಕಬ್ಬಿಣ ಕೂಡಿಸುವುದರಲ್ಲಿತ್ತು. ರಾಡು ಗಟ್ಟಿ, ನಟ್ಟು ಗಟ್ಟಿ. ಅವೆಲ್ಲ ಯಾವುದನ್ನು ಹಿಡಿದುಕೊಂಡು ನಿಂತಿವೆ ಎಂದು ಒಮ್ಮೆಯೂ ನೆಲ ನೋಡಲಿಲ್ಲ.

ಮೇ ತಿಂಗಳ ನಡುವೆ, ಕೆಲಸ ಬಿಟ್ಟು ಕುಪವಾಡದಿಂದ ಬೈಕಿನ ಮೇಲೆ ಬರುವಾಗ ಗಾಳಿ ಎದ್ದಿತು. ಕಣ್ಣಿಗೆ ಧೂಳು ಹೊಕ್ಕು ಎರಡು ಕಡೆ ನಿಂತೆ. ಮನೆಯ ತಿರುವಿನಲ್ಲಿ ದಪ್ಪ ಹನಿ ಶುರುವಾಯಿತು. ಪರವಾಗಿಲ್ಲ, ಗೂಡು ಭದ್ರವಾಗಿದೆ ಎಂದುಕೊಂಡು ಹಿಂದಿನ ಗೇಟಿನಿಂದ ಒಳಗೆ ಬಂದೆ.

ಬೇಸಿಗೆಗೆ ನೆಲ ಒಡೆದು ಬಿರುಕು ಬಿಟ್ಟಿತ್ತು. ನನ್ನ ರಾಡುಗಳು ಆ ಬಿರುಕುಗಳಲ್ಲಿ ಸಡಿಲಾಗಿ, ಒಂದು ಪೂರ್ತಿ ಮೇಲೆದ್ದು ನಟ್ಟಿನ ಸಮೇತ ಗಾಳಿಯಲ್ಲಿ ನೇತಾಡುತ್ತಿತ್ತು. ಗೂಡು ಒಂದು ಕಡೆ ಏಳುತ್ತಿತ್ತು, ಬೀಳುತ್ತಿತ್ತು. ಅದರ ಒಂದು ಕಾಲಿಗೆ ನನ್ನ ಹೆಂಡತಿ ಎರಡೂ ಕೈ ಸುತ್ತಿ, ನೆಲದ ಮೇಲೆ ಮೊಣಕಾಲೂರಿ ಜೋತುಬಿದ್ದಿದ್ದಳು. ಗೂಡಿಗೆ ಅವಳ ಭಾರ ಲೆಕ್ಕಕ್ಕೇ ಇರಲಿಲ್ಲ. ಅವಳನ್ನೂ ಸೇರಿಸಿ ಎತ್ತುತ್ತಿತ್ತು. ಸಾಂಗ್ಲಿವಾಡಿಯ ತವರಿನಲ್ಲಿ ಮರಾಠಿ ಶಾಲೆ ಕಲಿತವಳು, ಹೆದರಿದಾಗ ಅವಳಿಗೆ ಕನ್ನಡ ಬರುವುದಿಲ್ಲ. "ಧರಾ! ಧರಾ ಹೋ!" ಎಂದು ಕೂಗುತ್ತಿದ್ದಳು, ಹಿಡಿಯಿರಿ ಎಂದು.

"ಹಿಡದೇನಿ ಮಗಳ, ಹಿಡದೇನಿ. ನೀ ಬಿಡು, ಒಳಗ ಹೋಗು!"

ಆ ಧ್ವನಿ ಗೂಡಿನ ಇನ್ನೊಂದು ಬದಿಯಿಂದ ಬಂತು. ಅವ್ವ ಜಾಳಿಗೆಯ ಕಣ್ಣುಗಳಲ್ಲಿ ಬೆರಳು ತೂರಿಸಿ, ಗೂಡನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ಸೆರಗು ಹಾರಿತ್ತು, ಹಣೆಯ ವಿಭೂತಿ ಮಳೆಯಲ್ಲಿ ಇಳಿದು ಮೂಗಿನ ತನಕ ಬಂದಿತ್ತು. ಒಳಗೆ ಮೂರು ಕೋಳಿಗಳು ಅವಳ ಮುಖದ ಹತ್ತಿರವೇ ಒಂದರ ಮೇಲೊಂದು ಬಿದ್ದು ಕಿರುಚುತ್ತಿದ್ದವು.

ನಾನು ಓಡಿ ಬಂದು ತಗಡಿನ ಮೇಲೆ ಬೋರಲಾಗಿ ಬಿದ್ದೆ. ನನ್ನ ತೂಕ ಎಂಬತ್ತೆರಡು. ಅದು ಯಾರಿಗಾದರೂ ಉಪಯೋಗಕ್ಕೆ ಬಂದದ್ದು ಅವತ್ತೇ. ಗಾಳಿ ಇಳಿಯಲು ಹದಿನೈದು ನಿಮಿಷ ಬೇಕಾಯಿತು. ಮೇಲಿನಿಂದ ಹೆಂಡತಿಗೆ ಬೈದೆ, ಒಳಗೆ ಹೋಗೆಂದು. ಅವಳು ಬಿಡಲಿಲ್ಲ. "ನೀವು ಖಾತ್ರಿ ಕೊಟ್ಟಿದ್ರಿ," ಎಂದಳು ಹಲ್ಲು ಕಟಕಟಿಸುತ್ತಾ. ನನಗೆ ಅಲ್ಲೇ ನೆಲ ಬಾಯಿ ಬಿಟ್ಟು ನುಂಗಬಾರದೇ ಎನಿಸಿತು.

ಅವ್ವ ಸ್ನಾನಕ್ಕೆ ಹೋಗುತ್ತಾಳೆ, ಮಡಿ ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ಒದ್ದೆ ಸೀರೆಯಲ್ಲೇ ಸೊಸೆಯ ತಲೆ ಒರೆಸಿ, ಕೌದಿ ಹೊದಿಸಿ, ಅಂಗಾಲು ತಿಕ್ಕುತ್ತಾ ಕುಳಿತಳು. ನನ್ನ ಕಡೆ ತಿರುಗಿ ನೋಡದೆ, "ನಾಳೆ ಕೆಲಸಕ್ಕ ಹೋಗಬ್ಯಾಡ," ಎಂದಳು.

ಬೆಳಗಾದಾಗ ಹೆಂಡತಿಗೆ ಜ್ವರವಿರಲಿಲ್ಲ. ಅವ್ವ ಚಹಾ ಕುಡಿದು ಹೊಸ್ತಿಲು ದಾಟಿ ಹಿತ್ತಲಿಗೆ ಇಳಿದಳು. ಆರಗದಲ್ಲಿ ಅವಳ ತಂದೆಗೆ ದ್ರಾಕ್ಷಿ ತೋಟವಿತ್ತು. ಸಾಲಿನ ಕೊನೆಯ ಕಂಬ ಇಡೀ ಸಾಲಿನ ತಂತಿಯ ಜಗ್ಗಾಟವನ್ನು ತಡೆಯಬೇಕು. ಅದಕ್ಕಾಗಿ ಕಂಬದಿಂದ ಹೊರಗೆ ಓರೆಯಾಗಿ ತಂತಿ ಎಳೆದು, ಅದರ ತುದಿಗೆ ಕಲ್ಲು ಕಟ್ಟಿ ಆಳದಲ್ಲಿ ಹೂಳುತ್ತಾರೆ. ನಾನು ಅಂಥ ಸಾವಿರ ಕಂಬಗಳ ಪಕ್ಕದಿಂದ ಓಡಾಡಿದವನು. ಒಮ್ಮೆಯೂ ತಂತಿ ಎಲ್ಲಿಗೆ ಹೋಗುತ್ತದೆಂದು ಬಗ್ಗಿ ನೋಡಿರಲಿಲ್ಲ.

"ನೆಟ್ಟಗ ಬಡದದ್ದು ನೆಟ್ಟಗ ಮ್ಯಾಲೆ ಬರತೈತಿ," ಎಂದಳು, ನನ್ನ ರಾಡನ್ನು ಕೈಯಲ್ಲಿ ಸಲೀಸಾಗಿ ಕಿತ್ತು ತೋರಿಸಿ. "ಹೊರಗಿಂದ ಓರೆ ಜಗ್ಗಬೇಕು. ಆಗ ಮಣ್ಣೆಲ್ಲಾ ಕಲ್ಲಿನ ಮ್ಯಾಲೆ ಕುಂತು ಹಿಡೀತೈತಿ. ಎರಿ ಮಣ್ಣು ಹೊರಗ ಚೆಲ್ಲು, ಮುರುಮು ತುಂಬು."

ನಾಲ್ಕು ಮೂಲೆಗೆ ನಾಲ್ಕು ಗುಂಡಿ, ತೊಡೆಯುದ್ದ. ಬಿರುಕಿನ ಕೆಳಗೆ ಇನ್ನೂ ತಂಪಿದ್ದ ಗಟ್ಟಿ ಮಣ್ಣು ಸಿಗುವ ತನಕ ಅಗೆಸಿದಳು. ಮುರುಮಿನ, ಅಂದರೆ ಗರಸು ಮಣ್ಣಿನ ರಾಶಿ ಮನೆಯ ಮುಂದಿನ ರಸ್ತೆಯಲ್ಲೇ ಇತ್ತು. ಎರಡು ಉದ್ದನೆಯ ಕರಿಕಲ್ಲು ಪಾಯದಿಂದ ಉಳಿದಿದ್ದವು. ಗಾಳಿ ಬರುವ ಕಡೆಯ ಎರಡು ಗುಂಡಿಗೆ ಭಾರವಾದದ್ದು ಬೇಕಿತ್ತು. ನಾನು ಎಲ್ಲಿಂದ ತರಲಿ ಎಂದು ಸೊಂಟದ ಮೇಲೆ ಕೈಯಿಟ್ಟು ನಿಂತಾಗ ಅವ್ವ, "ಮಾಳಿಗಿ ಮೆಟ್ಟಲ ಕೆಳಗಿಂದ ಬೀಸೂಕಲ್ಲು ತಗೊಂಬಾ," ಎಂದಳು.

ಅದು ಅವಳು ಆರಗದಿಂದ ಮದುವೆಯಲ್ಲಿ ತಂದ ಬೀಸುವ ಕಲ್ಲು. ಅವಳ ಮದುವೆಯ ಅರಿಷಿಣ ಬೀಸಿದ್ದು ಅದರಲ್ಲಿ, ನನ್ನ ಮದುವೆಯ ಅರಿಷಿಣ ಬೀಸಿದ್ದೂ ಅದರಲ್ಲೇ. ಗಿರಣಿ ಬಂದ ಮೇಲೆ ಕೆಲಸವಿಲ್ಲದೆ ಕುಳಿತಿದ್ದರೂ ಹಬ್ಬಕ್ಕೊಮ್ಮೆ ಅದಕ್ಕೆ ಕುಂಕುಮ ತಪ್ಪುತ್ತಿರಲಿಲ್ಲ. ಕಾಲು ತಾಗಿದರೆ ಮುಟ್ಟಿ ನಮಸ್ಕರಿಸುವ ವಸ್ತು. ಅದನ್ನು ಕೋಳಿಗೂಡಿನ ಕೆಳಗೆ!

"ಅತ್ತೀ, ಬ್ಯಾಡ್ರಿ," ಎಂದಳು ಹೆಂಡತಿ, ಕೌದಿ ಹೊದ್ದು ಬಾಗಿಲಲ್ಲಿ ನಿಂತು. "ದುಸರಾ ಕಲ್ಲು ಸಿಗತೈತಿ. ಇದು ಬ್ಯಾಡ್ರಿ."

"ಇಷ್ಟು ವಜ್ಜಿದು ಎಲ್ಲಿ ಸಿಗತೈತಿ? ನಡಕ ತೂತೂ ಐತಿ, ತಂತಿ ಹಾಕಾಕ. ತಗೊಂಬಾ ಅಂದ್ನೆಲ್ಲ."

ಮೇಲಿನ ಕಲ್ಲೊಂದೇ ಸಾಕು, ಕೆಳಗಿನದು ಇರಲಿ ಎಂದೆ. ಜೋಡಿ ಅಗಲಿಸಬಾರದು ಎಂದಳು. ಮೇಲಿನ ಕಲ್ಲಿನ ತೂತಿನಲ್ಲಿ ತಂತಿ ಹಾಯಿಸಿದೆ. ಕೆಳಗಿನದರ ತೂತು ಪೂರ್ತಿ ಇರಲಿಲ್ಲವಾದ್ದರಿಂದ ಉದ್ದಕ್ಕೂ ಅಡ್ಡಕ್ಕೂ ಸುತ್ತಿ ಗಂಟು ಹಾಕಿದೆ. ಅವ್ವ ಎರಡಕ್ಕೂ ಅರಿಷಿಣ ಕುಂಕುಮ ಹಚ್ಚಿ, ಗುಂಡಿಗೆ ಒಂದು ಹಿಡಿ ಜೋಳ ಹಾಕಿದಳು. ನಾನು ಇಳಿಸಿದೆ. ಮುರುಮು ಒಂದು ಗೇಣು ಹಾಕುವುದು, ನೀರು ಬಿಡುವುದು, ತುಳಿಯುವುದು. ಮತ್ತೆ ಒಂದು ಗೇಣು. ತಂತಿ ಬಿಗಿಯಲು ಮಾತ್ರ ನನ್ನ ವರ್ಕ್‌ಶಾಪಿನ ತಿರುಪು ಹಾಕಿದೆ. ಅವ್ವ ತಂತಿಯನ್ನು ಬೆರಳಿನಿಂದ ಮೀಟಿ ನೋಡಿ, "ಇದು ಛಲೋ ಮಾಡಿದಿ," ಎಂದಳು. ನಲವತ್ತೆಂಟನೆಯ ವಯಸ್ಸಿನಲ್ಲಿ ಆ ಮಾತಿಗೆ ನಾನು ಎಷ್ಟು ಹಿಗ್ಗಿದೆನೆಂದು ಹೇಳಿದರೆ ನೀವು ನಗುತ್ತೀರಿ.

ಮಳೆಗಾಲ ಹಿಡಿಯುವ ಮೊದಲು ಇನ್ನೂ ಎರಡು ಗಾಳಿ ಬಂದವು. ಎರಡನೆಯದು ಕಾಕು ಅವರ ಮನೆಯ ತಗಡನ್ನೇ ಒಯ್ದಿತು. ನಮ್ಮ ಗೂಡಿನ ತಂತಿ ಗುಂಯ್ಗುಟ್ಟಿತು, ಅಷ್ಟೇ. ಹೆಂಡತಿ ಒಳಗೆ ಕಿಟಕಿಯ ಹತ್ತಿರ ಕುಳಿತು ನೋಡಿದಳು, ಎದ್ದು ಓಡಲಿಲ್ಲ. ನಲವತ್ತೊಂದು ಕಿಲೋ, ನಲವತ್ತಮೂರೂವರೆ, ನಲವತ್ತೇಳು. ಆಗಸ್ಟಿನಲ್ಲಿ ಡಾಕ್ಟರ್ ಬಾಯಿ ಕಾಗದದ ಮೇಲೆ ಅಡ್ಡಗೆರೆ ಎಳೆದು, ಗುಳಿಗೆ ಮುಗಿಯಿತು ಎಂದರು. ಅದೇ ದಿನ ಮನೆಗೆ ಬಂದು ಅವಳು ತವೆಯ ಹಿಡಿಯ ಕೆಂಪು ದಾರ ಬಿಚ್ಚಿ, ಇನ್ನು ನನಗೆ ಬೇಡ ಎಂದಳು.

ಅಷ್ಟರಲ್ಲಿ ಶ್ರಾವಣ ಬಂತು. ಶ್ರಾವಣದಲ್ಲಿ ಅವ್ವನ ನೇಮಗಳು ಒಂದಕ್ಕೆರಡಾಗುತ್ತವೆ. ಪಾಪ, ಬಾಯಿಬಿಟ್ಟು ಹೇಳದೆ ದಿನ ಎಣಿಸುತ್ತಿರಬೇಕು, ಯಾವಾಗ ಈ ಗೂಡು ಹೋಗುತ್ತದೆ ಎಂದು. ಹೀಗೆ ನಾನೇ ಊಹಿಸಿಕೊಂಡು, ಅವಳು ಪೂಜೆಗೆ ಕುಳಿತ ಹೊತ್ತು ನೋಡಿ, ಒಂದು ರವಿವಾರ ಬೆಳಿಗ್ಗೆ ಸಲಿಕೆ ಹಿಡಿದು ಹಿತ್ತಲಿಗೆ ಇಳಿದೆ. ಬೀಸುವ ಕಲ್ಲನ್ನು ತೊಳೆದು ಅವಳ ಮುಂದೆ ಇಟ್ಟು ಖುಷಿಪಡಿಸಬೇಕೆಂದಿದ್ದೆ. ಮೊಣಕಾಲುದ್ದ ಅಗೆದಾಗ ಕಲ್ಲಿನ ಬೆನ್ನು ಕಂಡಿತು.

"ಏನ ಮಾಡಾಕತ್ತಿ?"

ಅವ್ವ ಹೊಸ್ತಿಲಲ್ಲಿ ನಿಂತಿದ್ದಳು, ಹಣೆಯಲ್ಲಿ ಹಸಿ ವಿಭೂತಿ.

"ನಿನ್ನ ಬೀಸೂಕಲ್ಲು ತಗೀತೇನಿ ಅವ್ವಾ. ಆಕಿ ಆರಾಮ ಆದಳಲ್ಲ. ಇನ್ನ ಗೂಡಿಂದು ಏನ ಕೆಲಸ?"

ಅವಳು ಹಿತ್ತಲಿಗೆ ಇಳಿದು ಬಂದು, ಗೂಡಿನ ಬಾಗಿಲು ತೆರೆದು, ಹುಲ್ಲಿನೊಳಗೆ ಕೈ ಹಾಕಿದಳು. ಶ್ರಾವಣದ ಪೂಜೆಯಿಂದ ಎದ್ದು ಬಂದ ಕೈ. ಇಷ್ಟು ತಿಂಗಳಲ್ಲಿ ಮೊಟ್ಟೆಯನ್ನು ಅವಳು ಮುಟ್ಟಿರಲಿಲ್ಲ. ಎರಡು ಸಿಕ್ಕವು. ಸೆರಗಿನಲ್ಲಿ ಹಾಕಿಕೊಂಡು ಗಿಡ್ಡ ಗೋಡೆಯ ಹತ್ತಿರ ಹೋಗಿ ಕಾಕು ಅವರನ್ನು ಕೂಗಿದಳು. ಕಾಕು ಅವರ ಸೊಸೆಗೆ ಹೋದ ವಾರ ಅದೇ ಗುಳಿಗೆ ಶುರುವಾಗಿದ್ದು ನನಗೆ ಗೊತ್ತಿರಲಿಲ್ಲ. ಅವ್ವನಿಗೆ ಗೊತ್ತಿತ್ತು.

"ನಮ್ಮ ಕಾಳು ತಿಂದ ಕೋಳೀದು," ಎಂದು ಅವ್ವ ಕನ್ನಡದಲ್ಲೇ ಹೇಳಿದಳು. "ಇನ್ನೂ ಬೆಚ್ಚಗ ಅದಾವು. ಆಕಿಗೂ ಇಳೀಲಿ." ಕಾಕು ಎರಡೂ ಕೈ ಒಡ್ಡಿ ತೆಗೆದುಕೊಂಡರು. ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಹೋದರು.

ಅವ್ವ ತಿರುಗಿ ನನ್ನ ಗುಂಡಿಯನ್ನು ನೋಡಿದಳು.

"ಮುಚ್ಚು," ಎಂದಳು.

ಮುರುಮು ಎಳೆದು ಹಾಕಿದೆ. ನೀರು ಬೇಕಿತ್ತು, ಕೇಳುವ ಮೊದಲೇ ಹೆಂಡತಿ ತಂದಳು. ಕಂಠದ ತನಕ ತುಂಬಿದ ಕೊಡ, ಟೊಂಕದ ಮೇಲೆ ಇಟ್ಟುಕೊಂಡು, ಎಲ್ಲಿಯೂ ನಿಲ್ಲದೆ ಹಿತ್ತಲು ದಾಟಿ ಬಂದು ಗುಂಡಿಗೆ ಸುರಿದಳು. ನಾನು ತುಳಿದೆ.